ಶಂಖಪುರದ ಬಾಗಿಲು ಕಾದವಳು

ಹೊಳೆನರಸೀಪುರದ ಸ್ನೇಹಲತಾ ವಾರದ ದಿನಗಳಲ್ಲಿ ಜಗಲಿ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹಾಕುತ್ತಾಳೆ. ಭಾನುವಾರ ಬಂತೆಂದರೆ ಟ್ರಂಕು ಹಿಡಿದು ಬಸ್ಸು ಹತ್ತುತ್ತಾಳೆ, ಎಲ್ಲೋ ಒಂದು ಊರಿಗೆ ರಾಣಿಯಾಗಲು. ಹಾಸನದ ಸೀಮೆಯಲ್ಲಿ ಊರಿಗೊಂದು ನಾಟಕದ ಸಂಘವಿದೆ. ಗಂಡು ಪಾರ್ಟೆಲ್ಲ ಊರಿನ ಗಂಡಸರದು. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ಪದ್ಧತಿ. ಗಂಡಸರು ತಿಂಗಳುಗಟ್ಟಲೆ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂತು ಕಲಿಯುತ್ತಾರೆ. ಕರೆಸಿದ ಹೆಂಗಸರು ಕೊನೆಯ ಒಂದೆರಡು ತಾಲೀಮಿಗೆ ಬಂದು, ನಾಟಕದ ದಿನ ಯಾರ ಹೆಂಡತಿಯೆಂದರೆ ಅವರ ಹೆಂಡತಿ, ಯಾರ ತಾಯಿಯೆಂದರೆ ಅವರ ತಾಯಿ ಆಗಬೇಕು. ಸ್ನೇಹಲತಾ ಹಾಗೆ ಆಗುತ್ತಾ ಆಗುತ್ತಾ ಐವತ್ತು ದಾಟಿದ್ದಳು.

ಈ ನಾಟಕಗಳ ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ಸಂಘಕ್ಕೆ ಯಾರು ಹೆಚ್ಚು ಕೈ ಬಿಚ್ಚುತ್ತಾರೋ ಅವರಿಗೆ ದೊಡ್ಡ ಪಾರ್ಟು. ಆತ ಹಾಡಿದ ಹಾಡಿಗೆ ಅವನ ನೆಂಟರೇ ‘ಒನ್ಸ್ ಮೋರ್’ ಕೂಗುತ್ತಾರೆ, ಆತ ನಾಚಿಕೆಯಿಲ್ಲದೆ ಮತ್ತೆ ಹಾಡುತ್ತಾನೆ. ನಡುವೆ ಭಾವಮೈದುನರು ಸ್ಟೇಜು ಹತ್ತಿ ಹಾರ ಹಾಕುತ್ತಾರೆ, ಫೋಟೊ ಆಗುತ್ತದೆ. ಹೀಗೆ ಹೊತ್ತು ಮೀರಿ ಹೋದಾಗ ಯಾವುದಾದರೂ ಸೀನು ಬಿಡಲೇಬೇಕಲ್ಲ. ಬಿಡುವುದು ಯಾವಾಗಲೂ ಹೆಂಗಸರದ್ದೇ. ಅವರಿಗೆ ಅಲ್ಲಿ ನೆಂಟರಿಲ್ಲ, ಕೇಳುವವರಿಲ್ಲ.

ಚನ್ನರಾಯಪಟ್ಟಣದ ಕಡೆಯ ಒಂದು ಊರಿನಲ್ಲಿ, ಮಗನನ್ನು ಕಳೆದುಕೊಂಡ ತಾಯಿಯ ಪಾರ್ಟು ಅವಳದಾಗಿತ್ತು. ಬಣ್ಣ ಹಚ್ಚಿಕೊಂಡು ಸ್ಟೇಜಿನ ಸೈಡಿನಲ್ಲಿ ಕಾದಳು, ಕಾದಳು. ಕೊನೆಗೆ ಯಾರೋ ಬಂದು, ‘ನಿಮ್ದು ಬುಟ್ಬುಟ್ವಿ ಕಣಮ್ಮ, ನೀವಿನ್ನು ಒರಡಿ’ ಎಂದರು. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಒಂದೇ ಒಂದು ಸಾಲನ್ನೂ ಹಾಡದೆ ತೊಳೆದುಹೋದ ಆ ಬಣ್ಣ ಅವಳನ್ನು ಬಹಳ ವರ್ಷ ಚುಚ್ಚಿತು. ಆದರೂ ತನ್ನ ಜೊತೆಗೆ ಬರುವ ಚಿಕ್ಕ ಹುಡುಗಿಯರಿಗೆ ಅವಳು ಹೇಳಿಕೊಟ್ಟದ್ದು ಒಂದೇ ಮಾತು: ‘ಯಾವಾಗ್ಲೂ ಇರೋದೇ ಕಣಮ್ಮ, ಬುಡು.’

ಈ ವರ್ಷ ಕಟ್ಟಾಯದ ಸಂಘಕ್ಕೆ ಹಳೇ ಪೌರಾಣಿಕಗಳು ಸಾಕಾಗಿದ್ದವು. ಅರಕಲಗೂಡಿನ ಚಂದ್ರಮೌಳಿ ಮೇಷ್ಟ್ರು ಹೊಸದೊಂದು ನಾಟಕ ಬರೆದರು. ಯಾವ ಪುರಾಣದಲ್ಲೂ ಇಲ್ಲದ, ಯಾವ ನಕ್ಷೆಯಲ್ಲೂ ಸಿಗದ ಶಂಖಪುರ ಎಂಬ ಊರಿನ ಕಥೆ. ಮೂರು ಕಡೆ ಕಡಲು, ನಡುವೆ ಬಂಡೆ, ಬಂಡೆಯ ಮೇಲೆ ಶಂಖ ಸುಟ್ಟು ಮಾಡಿದ ಸುಣ್ಣದಿಂದ ಬೆಳ್ಳಗೆ ಹೊಳೆಯುವ ಕೋಟೆ. ಪಡುವಣ ಗಾಳಿ ತಿರುಗಿತೆಂದರೆ ಕಪ್ಪು ಹಾಯಿಯ ಹಡಗುಗಳಲ್ಲಿ ಕಡಲುಗಳ್ಳರು ಬರುತ್ತಾರೆ. ಕೋಟೆಗೆ ಒಂದೇ ಬಾಗಿಲು. ಆ ಬಾಗಿಲು ತೆಗೆಯುವ, ಮುಚ್ಚುವ ಮಾತು ರಾಜನದಲ್ಲ, ಕಾವಲುಗಾತಿಯದು. ಹಿಂದೊಮ್ಮೆ ಒಬ್ಬ ರಾಜ ಹೆದರಿ ಬಾಗಿಲು ತೆಗೆಸಿ ಊರು ಸುಟ್ಟುಹೋದ ಮೇಲೆ ಹಾಗೆಂದು ಕಲ್ಲಿನಲ್ಲಿ ಕೆತ್ತಿಸಿದ್ದರಂತೆ. ಕಾವಲುಗಾತಿಯ ಹೆಸರು ಮುತ್ತಾಂಬೆ. ಮಾರುವೇಷದಲ್ಲಿ ಬಂದ ಕಳ್ಳರನ್ನು ನಂಬಿ ಒಮ್ಮೆ ಬಾಗಿಲು ತೆಗೆದು ಅವಳು ಮೋಸಹೋಗುತ್ತಾಳೆ, ಕಳ್ಳರ ನಾಯಕ ಸಿಂಹಾಸನ ಏರುತ್ತಾನೆ. ಕೊನೆಯ ಸೀನಿನಲ್ಲಿ ಆಕೆಯೇ ಬಾಗಿಲ ಮೇಲೆ ನಿಂತು ಹಾಡಿ, ಊರನ್ನೆಬ್ಬಿಸಿ, ಕಳ್ಳರನ್ನು ಓಡಿಸುತ್ತಾಳೆ.

ಮುತ್ತಾಂಬೆಯ ಪಾರ್ಟು ಸ್ನೇಹಲತಾಳಿಗೆ ಬಂತು. ನಾಟಕದ ಕೊನೆಯ ಸೀನು ಒಬ್ಬ ಹೆಂಗಸಿನದಾಗಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಇದನ್ನು ಮಾತ್ರ ಬಿಡಬಾರದು, ಈ ಹಾಡನ್ನು ಪೂರ್ತಿ ಹಾಡಿಯೇ ತೀರಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಕಳ್ಳರ ನಾಯಕ ಕರಾಳಸಿಂಧುವಿನ ಪಾರ್ಟು ಪುಟ್ಟರಾಜುವಿನದು. ಕಟ್ಟಾಯದವನೇ, ಹಾಸನದಲ್ಲಿ ಸಾಮಿಲ್ ಇಟ್ಟಿದ್ದಾನೆ. ಕೆಟ್ಟವನಲ್ಲ, ಆದರೆ ತನ್ನ ದನಿಯೆಂದರೆ ಅವನಿಗೆ ಬಲು ಪ್ರೀತಿ. ತನ್ನ ಎಂಟ್ರಿ ಜೋರಾಗಿರಬೇಕೆಂದು, ಪರದೆಯ ಮೇಲೆ ಬಿಡಿಸಿದ ಬಾಗಿಲು ಬೇಡವೆಂದು, ಸಾಮಿಲ್ಲಿನ ಮರದಲ್ಲೇ ಎರಡು ಕದದ ನಿಜವಾದ ಬಾಗಿಲು ಮಾಡಿಸಿ ತಂದಿದ್ದ. ಒಳಗಡೆಯಿಂದ ಅಡ್ಡಕ್ಕೆ ಸರಿಸುವ ತೋಳುದಪ್ಪದ ಅಗುಳಿ. ಕದ ತೆರೆದರೆ ಒಳಗೆ ಸಿಂಹಾಸನ ಕಾಣಬೇಕು, ಅದರ ಮೇಲೆ ಅವನು ಕೂತು ನಾಲ್ಕು ಹಾಡು ಹಾಡಬೇಕು. ಅದು ಅವನ ಕನಸು.

ಈಗೆಲ್ಲ ರಾತ್ರಿಯಿಡೀ ನಾಟಕ ಆಡುವುದು ಕಡಿಮೆ. ಹಾಸನದ ಒಂದು ರಂಗಮಂದಿರ ಹಿಡಿದು ಬೆಳಿಗ್ಗೆ ಶುರು ಮಾಡಿ ಸಂಜೆ ಆರಕ್ಕೆ ಬಿಟ್ಟುಕೊಡಬೇಕು. ನಾಟಕದ ಆ ಭಾನುವಾರ ರಾಜನ ಪಾರ್ಟಿನ ದೇವರಾಜ್, ಆತ ಸಂಘದ ಅಧ್ಯಕ್ಷನೂ ಹೌದು, ಒಡ್ಡೋಲಗ ಮುಗಿಸುವಷ್ಟರಲ್ಲೇ ಊಟದ ಹೊತ್ತಾಯಿತು. ಮಂತ್ರಿ ಹಾಡಿದ್ದನ್ನೇ ಹಾಡಿದ. ನೀಲಿ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಕುಲುಕಿದ ಕಡಲಿನಲ್ಲಿ ಪುಟ್ಟರಾಜುವಿನ ಹಡಗು ಬಂತು. ಕಟ್ಟಾಯದಿಂದ ಒಂದು ಬಸ್ಸಿನ ತುಂಬ ಬಂದಿದ್ದ ಅವನ ನೆಂಟರು ಒಬ್ಬರಾದ ಮೇಲೊಬ್ಬರು ಸ್ಟೇಜು ಹತ್ತಿ ಸೇವಂತಿಗೆ ಹಾರ ಹಾಕಿದರು. ಹಡಗು ದಡ ಮುಟ್ಟುವ ಹೊತ್ತಿಗೆ ಐದು ಹೊಡೆಯಿತು. ಮಂದಿರದ ಕಾವಲುಗಾರ ಪಾಪಯ್ಯ ಬಂದು ಕೈಗಡಿಯಾರ ತೋರಿಸಿ ಹೋದ.

ಪರದೆ ಬಿದ್ದಾಗ ಚಂದ್ರಮೌಳಿ ಮೇಷ್ಟ್ರು ಸೈಡಿಗೆ ಬಂದರು. ಮುಖ ನೋಡಿಯೇ ಸ್ನೇಹಲತಾಳಿಗೆ ಗೊತ್ತಾಯಿತು.

“ಸ್ನೇಹಮ್ಮ, ಕೊನೆ ಸೀನ್ ಬುಟ್ಬುಡೋಣ. ನೀವು ಬಾಗ್ಲು ತೆಗ್ದು ಸೈಡಿಗೆ ಬಂದ್ಬುಡಿ. ಪುಟ್ಟರಾಜಣ್ಣನ ಸಿಂಹಾಸನದ ಸೀನ್ ಆಗ್ಲಿ, ಅಲ್ಲೇ ಮಂಗಳ ಆಡ್ಬುಡೋದು.”

“ಅಂಗಾದ್ರೆ ಶಂಖಪುರ ಕಳ್ಳರ ಪಾಲಾ ಮೇಷ್ಟ್ರೇ?”

“ಏನ್ ಮಾಡಾದು ಏಳಿ. ಅವ್ರ ನೆಂಟ್ರು ಬಸ್ ಮಾಡ್ಕಂಡು ಬಂದವ್ರೆ.”

“ಕೊನೆ ಸೀನ್ ಇಲ್ದೇ ಇದ್ರೆ ನೀವು ಬರ್ದಿದ್ದರಲ್ಲಿ ಏನದೆ?”

ಮೇಷ್ಟ್ರು ನೆಲ ನೋಡಿದರು. “ನಂಗೂ ಒಟ್ಟೆ ಉರೀತದೆ ಕಣಮ್ಮ. ಆದ್ರೆ ಸಂಘ ನಡೀಬೇಕಲ್ಲ” ಎಂದು ಹಾರ್ಮೋನಿಯಂ ಕಡೆಗೆ ಹೊರಟುಹೋದರು.

ರಾಜಕುಮಾರಿಯ ಪಾರ್ಟಿಗೆ ಬಂದಿದ್ದ ತೇಜಶ್ರೀ ಪಕ್ಕದಲ್ಲೇ ಇದ್ದಳು. ಚಿಕ್ಕ ಹುಡುಗಿ, ಈ ದಾರಿಗೆ ಹೊಸಬಳು. ಸಮಾಧಾನ ಮಾಡಲೆಂದು ಸ್ನೇಹಲತಾಳ ಕೈ ಹಿಡಿದು, “ಬುಡಿ ಅಕ್ಕ, ಯಾವಾಗ್ಲೂ ಇರೋದೇ” ಎಂದಳು.

ತಾನೇ ಹೇಳಿಕೊಟ್ಟ ಮಾತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದೆಷ್ಟು ಹೇಡಿ ಮಾತೆಂದು ಸ್ನೇಹಲತಾಳಿಗೆ ಅನಿಸಿತು. ಈ ಹುಡುಗಿ ಇನ್ನು ಮುಂದೆ ಎಷ್ಟು ಊರುಗಳಲ್ಲಿ ಬಣ್ಣ ಹಚ್ಚಿಕೊಂಡು ಸುಮ್ಮನೆ ಕಾಯಬೇಕೋ ಎಂದು ಸಂಕಟವಾಯಿತು. ಇವತ್ತು ತಕರಾರು ತೆಗೆದರೆ ಆಗುವುದೇನೆಂದೂ ಅವಳಿಗೆ ಗೊತ್ತಿತ್ತು. ನಾಳೆ ಬೆಳಗಾಗುವುದರೊಳಗೆ ಫೋನಿನ ಮೇಲೆ ಫೋನು ಹೋಗಿ, ‘ಆ ಯಮ್ಮ ಗಾಂಚಲಿ ಮಾಡ್ತದೆ’ ಎಂದು ಸುತ್ತಲ ಸಂಘಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಆಮೇಲೆ ಯಾರೂ ಕರೆಯುವುದಿಲ್ಲ. ಬರೀ ಫಾಲ್ಸ್ ಹಾಕಿಕೊಂಡು ಕೂರಬೇಕಾಗುತ್ತದೆ. ಕೂರುತ್ತೇನೆ ಎಂದುಕೊಂಡಳು. ಸೆರಗು ಸೊಂಟಕ್ಕೆ ಬಿಗಿದಳು. ಬಾಗಿಲ ಹಿಂದಿನ ಮೆಟ್ಟಿಲು ಹತ್ತಿ ಕೋಟೆಗೋಡೆಯ ಮೇಲೆ ನಿಂತಳು.

ಪರದೆ ಎದ್ದಿತು. ಪುಟ್ಟರಾಜು ಮೈಮೇಲೊಂದು ಕಂಬಳಿ ಹೊದ್ದು, ಬಡ ವ್ಯಾಪಾರಿಯ ವೇಷದಲ್ಲಿ ಬಾಗಿಲ ಮುಂದೆ ಬಂದು ಕೈಮುಗಿದ.

“ತಾಯೀ, ಬಿರುಗಾಳಿಗೆ ಸಿಕ್ಕಿ ನಮ್ಮ ನಾವೆ ಒಡೆದುಹೋಯಿತು. ಮೂರು ದಿನದಿಂದ ಉಪ್ಪುನೀರಿನಲ್ಲಿ ತೇಲಿ ಬಂದಿದ್ದೇವೆ. ಬಾಗಿಲು ತೆರೆದು ಕಾಪಾಡು.”

ಇಲ್ಲಿ ಮುತ್ತಾಂಬೆ ಮರುಗಿ ಕೆಳಗಿಳಿದು ಅಗುಳಿ ಸರಿಸಬೇಕು. ಸ್ನೇಹಲತಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಎಲೈ ವ್ಯಾಪಾರಿ, ಮೂರು ದಿನ ಉಪ್ಪುನೀರಿನಲ್ಲಿ ತೇಲಿ ಬಂದವನ ಕೊರಳಲ್ಲಿ ಸೇವಂತಿಗೆ ಹಾರಗಳು ಬಾಡದೆ ಉಳಿದದ್ದು ಹೇಗೆ?”

ಇಡೀ ಮಂದಿರ ಗೊಳ್ಳೆಂದು ನಕ್ಕಿತು. ನೆಂಟರು ಹಾಕಿದ ಹಾರಗಳು ಕಂಬಳಿಯಿಂದ ಹೊರಗೆ ಇಣುಕುತ್ತಿದ್ದವು. ಪುಟ್ಟರಾಜು ಗಾಬರಿಯಾದ. ಪಾಪ, ಯಮ್ಮನಿಗೆ ಮಾತು ಮರೆತುಹೋಗಿದೆ ಎಂದೇ ಅವನು ತಿಳಿದದ್ದು. ಹತ್ತಿರ ಬಂದು ಪಿಸುಗುಟ್ಟಿದ. ಮೇಲೆ ತೂಗುಬಿಟ್ಟಿದ್ದ ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು.

“ಬಾಗ್ಲು ತೆಗಿ ಕಣವ್ವ, ನಮ್ಮೋರು ಕಾಯ್ತಾವ್ರೆ.”

“ನಿನ್ನವರು ಕತ್ತಿ ಹಿರಿದು ಕಾಯುತ್ತಿದ್ದಾರೆಂದು ನನಗೂ ಗೊತ್ತು. ಅದಕ್ಕೇ ತೆಗೆಯುವುದಿಲ್ಲ.”

ಗೋಡೆಯ ಹಿಂದೆ ದೇವರಾಜ್ ಕಿರೀಟ ಸರಿಮಾಡಿಕೊಳ್ಳುತ್ತಾ ಓಡಿಬಂದ. “ಏನಮ್ಮ ಇದು, ತೆಗಿಯಮ್ಮ, ಟೈಮಾಯ್ತದೆ” ಎಂದು ಮೆಲ್ಲಗೆ ಗದರಿದ. ಅವಳು ಅಲುಗಲಿಲ್ಲ. ತಾನೇ ಅಗುಳಿ ಸರಿಸಿದರೆ, ಕದ ತೆರೆದೊಡನೆ ಕಳ್ಳರಿಗೆ ಬಾಗಿಲು ತೆಗೆದ ರಾಜನಾಗಿ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಬೇರೆ ದಾರಿ ಕಾಣದೆ ಗೋಡೆಯ ಮೇಲೆ ತಲೆ ಹಾಕಿ, ರಾಜನ ಗತ್ತಿನಲ್ಲೇ, “ಕಾವಲುಗಾತಿ, ಬಾಗಿಲು ತೆರೆ. ಇದು ರಾಜಾಜ್ಞೆ” ಎಂದ.

“ಕ್ಷಮಿಸಬೇಕು ಪ್ರಭು. ಈ ಬಾಗಿಲಿನ ಮಾತು ನನ್ನದು. ತಮ್ಮ ಹಿರಿಯರೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಓದಿಕೊಂಡು ಬನ್ನಿ.”

ಚಪ್ಪಾಳೆ ಬಿತ್ತು. ರಾಜನ ತಲೆ ಕೆಳಗಿಳಿಯಿತು. ಪುಟ್ಟರಾಜುವಿಗೆ ಈಗ ನಿಜಕ್ಕೂ ಸಿಟ್ಟು ಬಂತು. ಕಂಬಳಿ ಕಿತ್ತೆಸೆದು ಬಾಗಿಲಿಗೆ ಹೆಗಲು ಕೊಟ್ಟು ನೂಕಿದ. ಅವನ ಸಾಮಿಲ್ಲಿನ ಮರವೇ, ಒಳ್ಳೆಯ ಮರ, ಮಿಸುಕಲಿಲ್ಲ. ಮುಂದಿನ ಸಾಲಿನಿಂದ ಒಂದು ಮುದಿ ದನಿ, “ತೆಗಿಬ್ಯಾಡ ಕಣವ್ವ, ಊರ ಆಳು ಮಾಡ್ತಾನೆ” ಎಂದು ಕೂಗಿತು. ಎಲ್ಲರೂ ತಿರುಗಿ ನೋಡಿದರು. ಅನಸೂಯಮ್ಮ, ಪುಟ್ಟರಾಜುವಿನ ಹೆತ್ತತಾಯಿ. ಅವಳಿಗೆ ಮಗ ಮರೆತೇಹೋಗಿದ್ದ, ಕಣ್ಣೆಲ್ಲ ಆ ಬಾಗಿಲ ಮೇಲಿತ್ತು.

ಸ್ನೇಹಲತಾ ಗೋಡೆಯ ಮೇಲಿಂದ ಬಾಗಿ ಕದ ನೋಡಿದಳು. ಮಾತಿನಲ್ಲಿ ಇನ್ನೆಷ್ಟು ಹೊತ್ತು ತಡೆಯಬಹುದು? ಹಾಡಬೇಕು. ಆದರೆ ಶ್ರುತಿ ಕೊಡಬೇಕಾದವರು ಮೇಷ್ಟ್ರು, ಅವರ ಕೈ ಹಾರ್ಮೋನಿಯಂ ಮೇಲೆ ಸುಮ್ಮನಿತ್ತು. ಅವಳು ಆ ಕಡೆ ನೋಡಿದಳು. ಅವರೂ ನೋಡಿದರು. ಚಂದ್ರಮೌಳಿ ಮೇಷ್ಟ್ರು ಒಮ್ಮೆ ಅಧ್ಯಕ್ಷರ ಕಡೆ, ಒಮ್ಮೆ ತಾವು ಬರೆದ ಹಾಳೆಗಳ ಕಡೆ ಕಣ್ಣು ಹಾಯಿಸಿದರು. ಆಮೇಲೆ ಬೆರಳಾಡಿಸಿದರು. ಕೊನೆಯ ಸೀನಿನ ಹಾಡಿನ ಶ್ರುತಿ ಅದು.

ಅಲೆ ಬಂದರೆ ಬರಲಿ, ಬಂದ ಹಾಗೇ ಹೋಗಲಿ
ನೆಲ ಬಿಟ್ಟು ನಾ ಕದಲೆ, ನನ್ನೂರ ಬಾಗಿಲಲಿ

ಅವಳು ಹಾಡಿದಳು. ಅವಸರ ಮಾಡಲಿಲ್ಲ, ಒಂದು ಚರಣವನ್ನೂ ಬಿಡಲಿಲ್ಲ. ಮೇಲಿನ ಸ್ವರಕ್ಕೆ ಹೋದಾಗ ದನಿ ಕೊಂಚ ಒಡೆಯಿತು, ಹೆದರದೆ ಮತ್ತೆ ಹೋದಳು. ಊರವರನ್ನು ‘ಏಳಿ’ ಎಂದು ಎಬ್ಬಿಸುವ ಸಾಲು ಬಂದಾಗ ಸೈಡಿನಿಂದ ತೇಜಶ್ರೀ ಶಂಖ ಹಿಡಿದು ಓಡಿಬಂದು ಅವಳ ಪಕ್ಕ ನಿಂತಳು. ಮಂತ್ರಿ ಬಂದ, ಸೇನಾಪತಿ ಬಂದ, ಕೊನೆಗೆ ಅಧ್ಯಕ್ಷ ದೇವರಾಜನೂ ಕತ್ತಿ ಹಿಡಿದು ಗೋಡೆ ಹತ್ತಿದ. ಹಾಡು ಮುಗಿದಾಗ ಕಟ್ಟಾಯದ ಬಸ್ಸಿನವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸ್ನೇಹಲತಾಳಿಗೆ ಎಂದೂ ಆಗದಷ್ಟು ಸಂತೋಷವಾಯಿತು.

ಇನ್ನು ಕರಾಳಸಿಂಧು ಸೋಲೊಪ್ಪಿ ಹಡಗಿಗೆ ಹಿಂದಿರುಗಬೇಕು. ಪುಟ್ಟರಾಜು ಮಾತ್ರ ಮರದಂತೆ ನಿಂತೇ ಇದ್ದ. ಸೋಲೊಪ್ಪುವ ಮಾತು ಅವನಿಗೆ ಬರುತ್ತಿರಲಿಲ್ಲ. ಪ್ರತಿ ತಾಲೀಮಿನಲ್ಲೂ ಕೊನೆಯ ಸೀನು ಬರುವಷ್ಟರಲ್ಲಿ ಟೀ ಬರುತ್ತಿತ್ತು, ‘ಅದೇನು ಚಿಕ್ ಸೀನು, ಆಮೇಲೆ ನೋಡ್ಕಳಾಣ’ ಎಂದು ಎದ್ದುಬಿಡುತ್ತಿದ್ದರು. ಅವನು ತಲೆ ಎತ್ತಿ ಅವಳನ್ನೇ ನೋಡಿದ. ಸಿಟ್ಟು ಇಳಿದು ಮುಖದಲ್ಲಿ ಬರೀ ಭಯ ಉಳಿದಿತ್ತು.

ಅವನನ್ನು ಹಾಗೇ ನಿಲ್ಲಿಸಿ ನಗೆಪಾಟಲು ಮಾಡಬಹುದಿತ್ತು. ಆ ಆಸೆ ಅವಳಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮನೆಯಲ್ಲಿ ಮಿಷನ್ ತುಳಿಯುತ್ತಾ ಆ ಸೀನಿನ ಎರಡೂ ಪಾರ್ಟು ತಾನೇ ಹೇಳಿಕೊಂಡು ಕಲಿತಿದ್ದಳು. ಮುಂದಕ್ಕೆ ಬಾಗಿ, ಮೈಕಿಗೆ ಸಿಗದಂತೆ, ಅವನಿಗಷ್ಟೇ ಕೇಳುವಂತೆ ಹೇಳಿಕೊಟ್ಟಳು.

“ಎಷ್ಟೋ ಕೋಟೆಗಳನ್ನು ಗೆದ್ದೆ” ಎಂದ ಪುಟ್ಟರಾಜು ಅವಳ ಮಾತಿನ ಹಿಂದೆಯೇ. “ಕಲ್ಲಿಗೆ ಹೆದರಲಿಲ್ಲ, ಕತ್ತಿಗೆ ಹೆದರಲಿಲ್ಲ. ಕಾವಲು ಬಿಟ್ಟು ಕದಲದವಳ ಮುಂದೆ ಸೋತೆ. ತಾಯೀ, ನಿನ್ನ ಬಾಗಿಲಿಗೆ ಶರಣು.”

ಅಷ್ಟು ಚೆನ್ನಾಗಿ ಅವನು ಅವತ್ತೆಲ್ಲ ಒಂದು ಮಾತನ್ನೂ ಆಡಿರಲಿಲ್ಲ. ತಲೆ ತಗ್ಗಿಸಿ ನೀಲಿ ಬಟ್ಟೆಯ ಕಡಲಿಗೆ ಇಳಿದು ಹೋದ. ಮಂಗಳ ಹಾಡಿದರು.

ಬಣ್ಣದ ಕೋಣೆಯಲ್ಲಿ ಯಾರೂ ಸ್ನೇಹಲತಾಳನ್ನು ಮಾತಾಡಿಸಲಿಲ್ಲ. ದೇವರಾಜ್ ಮುಖ ತಿರುಗಿಸಿಕೊಂಡೇ ಓಡಾಡಿದ. ಮುಂದಿನ ವರ್ಷ ಕಟ್ಟಾಯದವರು ಕರೆಯುತ್ತಾರೋ ಇಲ್ಲವೋ, ಅವಳು ಕೇಳಲೂ ಇಲ್ಲ. ಟ್ರಂಕು ಕಟ್ಟುತ್ತಿದ್ದಾಗ ಪುಟ್ಟರಾಜು ಬಂದು ಬಾಗಿಲಲ್ಲಿ ನಿಂತ. ಬಯ್ಯುವುದಕ್ಕೆ ಬಂದಿದ್ದನೋ ಏನೋ, ಬೈಗುಳ ಬರಲಿಲ್ಲ.

“ಅಲ್ಲ ಕಣಕ್ಕ, ಸೋಲೋ ಮಾತು ನಂಗೆ ಯಾರೂ ಕಲಿಸ್ಲೇ ಇಲ್ವಲ್ಲ” ಎಂದ.

ಸ್ನೇಹಲತಾ ಟ್ರಂಕಿನ ಮುಚ್ಚಳ ಹಾಕಿ ಅವನ ಕಡೆ ತಿರುಗಿದಳು.

“ಗೆಲ್ಲೋ ಮಾತು ನಂಗೂ ಯಾರೂ ಕಲಿಸ್ಲಿಲ್ಲ ಕಣಣ್ಣ. ನಾನೇ ಕಲ್ತ್ಕಂಡೆ” ಎಂದಳು.