ಬ್ಯಾಸಗಿಯಾಗ ಜರ್ಕಿನ್, ನರ್ಸಿಗೆ ಜ್ವರ

ಗೆಳತಿಯರೇ, ಇವತ್ತು ಕಾನಹೊಸಹಳ್ಳಿ ಹತ್ತಿರದ ಒಂದು ಊರಿಗೆ ಮಕ್ಕಳಿಗೆ ಇಂಜೆಕ್ಷನ್ ಹಾಕಲು ಹೋಗಿದ್ದೆ. ಹೋದ ತಿಂಗಳು ಗಾಡಿಯಿಂದ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಈ ಬಿಸಿಲಲ್ಲೂ ದಪ್ಪ ಜರ್ಕಿನ್ ಹಾಕುತ್ತೇನೆ. ಕಾನೂನು ಕೇಳುವುದು ಹೆಲ್ಮೆಟ್ ಒಂದನ್ನೇ, ಜರ್ಕಿನ್ ಕೇಳಿದ್ದು ನನ್ನ ಮೊಣಕೈ.

ನನ್ನನ್ನು ನೋಡಿದ್ದೇ ಒಬ್ಬ ಅಜ್ಜಿ, ಸೊಸೆಯ ಕೈಲಿದ್ದ ಕೂಸನ್ನು ತೆಗೆದುಕೊಂಡು ಸೆರಗಲ್ಲಿ ಮುಚ್ಚಿಕೊಂಡಳು.

"ನರ್ಸಮ್ಮ, ನಿಮಗ ಚಳಿಜ್ವರ ಬಂದೈತಿ. ಕೂಸಿನ್ನ ಮುಟ್ಟಬ್ಯಾಡ್ರಿ."

"ಜ್ವರ ಇಲ್ಲವ್ವಾ. ಬಿದ್ರ ಕೈ ಉಳೀಲಿ ಅಂತ ಹಾಕ್ಕೊಂಡೀನಿ."

ಅಜ್ಜಿ ನನ್ನ ಹಣೆ ಮುಟ್ಟಿದಳು. ಬಿಸಿಲಲ್ಲಿ ಬಂದ ಹಣೆ, ಸುಡುತ್ತಿತ್ತು.

"ಕೆಂಡ ಆಗೈತಿ," ಅಂದಳು.

ಆ ಕೂಸಿಗೆ ಆಗಲೇ ಎರಡು ಸಲ ಇಂಜೆಕ್ಷನ್ ತಪ್ಪಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ. ಜರ್ಕಿನ್ ಬಿಚ್ಚಿ, ಮುಖ ತೊಳೆದು, ನೆರಳಲ್ಲಿ ಸ್ವಲ್ಪ ಹೊತ್ತು ಕೂತು, ನನ್ನ ಥರ್ಮಾಮೀಟರನ್ನು ನಾನೇ ಬಾಯಲ್ಲಿಟ್ಟುಕೊಂಡೆ. ಓದು ಬಲ್ಲ ಸೊಸೆ ಅದನ್ನು ನೋಡಿ "ಜ್ವರ ಇಲ್ಲ ಬಿಡು, ಅತ್ತಿ" ಅಂದ ಮೇಲೆಯೇ ಕೂಸು ನನ್ನ ಕೈಗೆ ಬಂತು.

ಹೊರಡುವಾಗ ಅಜ್ಜಿ ಮಜ್ಜಿಗೆ ಕೊಟ್ಟು, "ಬ್ಯಾಸಗಿಗೆ ಬ್ಯಾರೆ ಹೊಲಿಸ್ಕೊರಿ, ನೋಡಿದ್ರ ನಮಗ ಸೆಕಿ ಆಕೈತಿ," ಅಂದಳು.

ನಾಳೆ ಟೈಲರ್‌ಗೆ ದಪ್ಪ ಕಾಟನ್ ಕೋಟು ಹೊಲಿಯಲು ಕೊಡುತ್ತೇನೆ. ಅಳತೆ ನನ್ನದು, ಒಪ್ಪಿಗೆ ಅಜ್ಜಿಯದು.