ಜರ್ಮನ್ ವಿಮಾನದ ಆಂಟಿ

ಬಹರೇನಿನ ಬುದಯ್ಯದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಉಡುಪಿ ಕಡೆಯ ಆಂಟಿ ಒಂದು ಜರ್ಮನ್ ಚಾರ್ಟರ್ ವಿಮಾನ ಕಂಪನಿಯ ಪ್ರಯಾಣಿಕರನ್ನು ವಿಮಾನ ನಿಲ್ದಾಣದಲ್ಲಿ ನೋಡಿಕೊಳ್ಳುತ್ತಿದ್ದರು; ವಿಮಾನ ಹೊರಡುವ ಮುಂಚೆ ಸ್ಪೀಕರಿನಲ್ಲಿ ಅವರನ್ನು ಕರೆಯುತ್ತಿದ್ದವರೂ ಇವರೇ. ಮಾತಾಡುವಾಗ ಗಲ್ಲ ಎತ್ತಿ ದೂರದ ಯಾರನ್ನೋ ನೋಡುತ್ತಿದ್ದರು. ಮನೆಯಲ್ಲಿ ಊಟ ಬಡಿಸುವಾಗಲೂ "ಎಲ್ಲರೂ ಬಂದ್ರಾ? ಯಾರೂ ಬಾಕಿ ಇಲ್ವಲ್ಲ?" ಎಂದು ಕೇಳಿಯೇ ಕೂರುವವರು.

ಚಳಿಗಾಲದಲ್ಲಿ ಮಾತ್ರ ಪ್ರವಾಸಿಗರನ್ನು ತರುತ್ತಿದ್ದ ವಿಮಾನ ಕ್ರಮೇಣ ವರ್ಷವಿಡೀ ಬರತೊಡಗಿತು. ಆಂಟಿ ಜರ್ಮನ್ ಕಲಿತರು. ಕಂಪನಿ ಅಳತೆ ಮೀರಿ ಬೆಳೆದು, ಒಂದು ದಿನ ದಿವಾಳಿಯಾಯಿತು. ಅಂದು ಬರಬೇಕಿದ್ದ ವಿಮಾನ ಜರ್ಮನಿಯಿಂದ ಹೊರಡಲೇ ಇಲ್ಲ. ಕಾಯುತ್ತಿದ್ದವರಿಗೆ ಅದನ್ನು ಹೇಳಬೇಕಾದವರು ಆಂಟಿಯೇ.

ಬೇರೆ ಕೆಲಸ ಸಿಗದೆ ಅವರು ಊರಿಗೆ ಹೊರಟಾಗ, ರಜೆಗೆ ಹೊರಟಿದ್ದ ನಾನೂ ಜೊತೆಗಿದ್ದೆ. ಮಟಮಟ ಮಧ್ಯಾಹ್ನ, ಅದೇ ನಿಲ್ದಾಣದಲ್ಲಿ ಮಂಗಳೂರಿನ ವಿಮಾನಕ್ಕೆ ಕಾಯುತ್ತಿದ್ದೆವು. ಇದ್ದಕ್ಕಿದ್ದಂತೆ ಸ್ಪೀಕರಿನಲ್ಲಿ ಆಂಟಿಯ ದನಿ ಕೇಳಿತು. ಮುಚ್ಚಿಹೋದ ಆ ಕಂಪನಿಯ ವಿಮಾನಕ್ಕೆ ಮೊದಲು ಜರ್ಮನ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಕೊನೆಯ ಕರೆ. ಪಕ್ಕದಲ್ಲಿದ್ದ ಆಂಟಿಯ ತುಟಿ ಅಲುಗಿರಲಿಲ್ಲ. ಹಳೆಯ ರೆಕಾರ್ಡಿಂಗ್ ಇರಬೇಕು ಎಂದುಕೊಂಡೆ. ಸುತ್ತಲಿದ್ದವರು ಯಾರೂ ತಲೆ ಎತ್ತಲಿಲ್ಲ.

ಆಂಟಿ ಚೀಲ ಹೆಗಲಿಗೇರಿಸಿ, ದೀಪವಿಲ್ಲದ ಕೊನೆಯ ಗೇಟಿನ ಮುಂದೆ ಹೋಗಿ ನಿಂತರು. ಗಾಜಿನಾಚೆ ಬರೀ ಬಿಸಿಲು.

"ಆಂಟಿ, ನಮ್ಮದು ಈ ಕಡೆ," ಎಂದು ತೋಳು ಹಿಡಿದೆ.

"ಅವಳು ಒಬ್ಬಳೇ ಇದ್ದಾಳೆ ಮಾರಾಯ," ಎಂದರು ಶಾಂತವಾಗಿ. "ಯಾರೂ ಹೋಗದಿದ್ರೆ ಕರೀತಾನೇ ಇರ್ತಾಳೆ."

ಹೇಗೋ ಕರೆತಂದು ನಮ್ಮ ವಿಮಾನದಲ್ಲಿ ಕೂರಿಸಿದೆ. ಮಂಗಳೂರಿನಲ್ಲಿ ಕಾಯುತ್ತಿದ್ದ ತಂಗಿಯ ಹೆಸರು ಹಿಡಿದು ಕೂಗಲು ಬಾಯಿ ತೆರೆದರು. ಬಂದದ್ದು ಬರೀ ಉಸಿರು. ಎಷ್ಟು ಡಾಕ್ಟರರು ನೋಡಿದರೂ ಆ ದನಿ ತಿರುಗಿ ಬರಲಿಲ್ಲ.