ರಾಗಿ ಹೊಲದ ಮೂಲೆಯಲ್ಲಿ ಅವ್ವ

ಶಾಲೆಯಲ್ಲಿ ಒಂದು ತಾಲ್ಲೂಕಿನ ಬಗ್ಗೆ ಬರೆಯಿರಿ ಎಂದರೆ ಮೊದಲು ಮೇರೆ, ಆಮೇಲೆ ಮಣ್ಣು, ಮಳೆ, ಬೆಳೆ, ಕೊನೆಗೆ ಜನಸಂಖ್ಯೆ ಬರೆಯುತ್ತಿದ್ದೆವು. ಬೊಮ್ಮಸಂದ್ರದ ಆಚೆ ನಾನಿರುವ ಜಾಗವನ್ನು ಹಾಗೆ ಬರೆಯಲು ಆಗುವುದಿಲ್ಲ. ಅದರ ಮೇರೆ ಎಲ್ಲಿ ಮುಗಿಯುತ್ತದೆಂದು ನೀರಿನ ಟ್ಯಾಂಕರಿನವನಿಗೂ ಗೊತ್ತಿಲ್ಲ. ಪಂಚಾಯಿತಿಯ ಬೋರ್ಡು ಇನ್ನೂ ಗ್ರಾಮ ಎನ್ನುತ್ತದೆ. ಬೋರ್ಡಿನ ಹಿಂದೆ ಔಷಧಿ ಕಾರ್ಖಾನೆ, ಅದರ ಬೆನ್ನಿಗೆ ನೀಲಗಿರಿ ತೋಪು, ತೋಪು ದಾಟಿದರೆ ನಮ್ಮ ಅಪಾರ್ಟ್‌ಮೆಂಟು, ಅದರ ಕಾಂಪೌಂಡಿಗೆ ಅಂಟಿಕೊಂಡೇ ಒಂದು ರಾಗಿ ಹೊಲ. ಜನಸಂಖ್ಯೆ ಪಾಳಿಗೊಂದು. ಬೆಳಗಿನ ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. ಬದುಕುವವರಿಗೆ ಬೇಕಾದ್ದೆಲ್ಲ ಇಲ್ಲಿದೆ. ಸತ್ತವರಿಗೆ ಜಾಗವಿದೆಯೇ ಎಂಬುದನ್ನು ಅವ್ವ ತೀರಿಕೊಳ್ಳುವವರೆಗೆ ನಾನು ಯೋಚಿಸಿರಲಿಲ್ಲ.

ಅವ್ವನ ಊರು ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಅಪ್ಪನ ಸಮಾಧಿಯೂ ಅಲ್ಲೇ, ನೀರಿನ ಕೆಳಗೆ. “ನನ್ನ ಅಲ್ಲಿಗೆ ಒಯ್ದು ಏನ್ ಮಾಡ್ತಿ? ನೀರಾಗ ಒಗೀತೀಯೇನು?” ಎಂದಿದ್ದಳು. ಯಾವಾಗ ಅಂದಳೋ ನೆನಪಿಲ್ಲ. ನೆನೆದಾಗಲೆಲ್ಲ ಅವಳ ಕೈಗೆ ಅವರೆಕಾಯಿ ಕೊಟ್ಟು ಬಾಲ್ಕನಿಯಲ್ಲಿ ಕೂರಿಸುತ್ತೇನೆ. ಮಾತು ಮಾತ್ರ ನಿಜ, ಅವರೆಕಾಯಿ ನಾನು ಸೇರಿಸಿದ್ದು.

ಇಲ್ಲಿ ಅವಳಿಗಿದ್ದ ಗೆಳತಿ ಒಬ್ಬಳೇ, ಕೆರೆಯಾಚೆಯ ಹಳೇ ಊರಿನಿಂದ ಸೊಪ್ಪು ತರುತ್ತಿದ್ದ ಅಜ್ಜಿ. ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅವರವರ ಕನ್ನಡದಲ್ಲಿ ಜಗಳವಾಡುತ್ತಿದ್ದರು.

“ಇದು ಸೊಪ್ಪೋ ಹುಲ್ಲೋ? ನಮ್ಮ ಕಡಿ ಇದನ್ನ ಎಮ್ಮಿಗೆ ಹಾಕ್ತಾರ.”

“ನಿಮ್ ಕಡೆ ಸೊಪ್ಪು ಬೆಳ್ದಿದ್ರೆ ತಾನೆ ಅಕ್ಕ, ಗೊತ್ತಾಗಕೆ!”

ಅಂದು ಬೆಳಿಗ್ಗೆ ಅವ್ವ ಎಬ್ಬಿಸಿದರೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದ ಮೇಲೆ ಅಕ್ಕಪಕ್ಕದ ಮನೆಯವರು ಬಂದರು. ಎಲ್ಲರೂ ಒಳ್ಳೆಯವರೇ. ಒಬ್ಬರು ಮೊಬೈಲು ಹಿಡಿದುಕೊಂಡೇ, “ಮೇಡಂ, ಎಲೆಕ್ಟ್ರಿಕ್‌ಗೆ ಕೊಟ್ಬಿಡಿ, ಆನ್‌ಲೈನ್ ಬುಕಿಂಗ್ ಇದೆ, ನಾನ್ ಮಾಡ್ತೀನಿ” ಎಂದರು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಪಂಚಾಯಿತಿಗೆ ಫೋನು ಮಾಡಿದೆ. ಊರಲ್ಲಿ ಒಂದೊಂದು ಜಾತಿಗೆ ಒಂದೊಂದು ಸ್ಮಶಾನ, ನಿಮ್ಮವರದು ಅಂತ ಇಲ್ಲಿ ಇಲ್ಲ ಕಣ್ರೀ ಎಂದರು. ಜಾಲಹಳ್ಳಿಯ ಕಡೆ ಇರುವ ನಮ್ಮ ಅಯ್ಯನವರು, ಶವಸಂಸ್ಕಾರ ಮಾಡಿಸುವವರು, ಹೊರಟಿದ್ದೇನೆ ಎಂದರು. “ಹೊತ್ತು ಮುಳುಗೂದ್ರಾಗ ಮಣ್ಣ ಆಗಬೇಕು ನೋಡವಾ. ಜಾಗಾ ನೋಡಿ ಇಡ್ರಿ.” ಜಾಗ ಎಲ್ಲಿ ನೋಡಬೇಕು? ಅವ್ವನ ಹೆಸರಿನಲ್ಲೂ ನನ್ನ ಹೆಸರಿನಲ್ಲೂ ನೆಲ ಎಂಬುದು ಮೂರನೇ ಮಹಡಿಯ ಟೈಲ್ಸು ಮಾತ್ರ.

ಆಗ ಸೊಪ್ಪಿನಜ್ಜಿ ಬಂದಳು. ಬುಟ್ಟಿಯನ್ನು ಲಿಫ್ಟಿನ ಹತ್ತಿರ ಇಟ್ಟು ಒಳಗೆ ಬಂದು ಅವ್ವನ ಕಾಲು ಮುಟ್ಟಿ ಅತ್ತಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು: “ಎಲ್ಲಿಗ್ ಎತ್ಕೊಂಡೋಯ್ತೀರವ್ವ?”

“ಗೊತ್ತಿಲ್ಲ ಅಜ್ಜಿ.”

“ಗೊತ್ತಿಲ್ಲ ಅಂದ್ರೆ? ನಮ್ ಒಲ ಐತಲ್ಲ.”

ಕಾಂಪೌಂಡಿಗೆ ಅಂಟಿಕೊಂಡ ಆ ರಾಗಿ ಹೊಲ ಅವಳದು ಎಂದು ನನಗೆ ತಿಳಿದದ್ದೇ ಆಗ. ಎಷ್ಟೋ ವರ್ಷ ಬಾಲ್ಕನಿಯಿಂದ ಅದನ್ನು ನೋಡಿದ್ದೆ.

ಅವಳ ಮಗ ಬೈಕಿನಲ್ಲಿ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದ, ಆದರೆ ಅವನ ಮೆಲುದನಿ ಮಹಡಿಗೆಲ್ಲ ಕೇಳುತ್ತಿತ್ತು.

“ಅವ್ವೋ, ಒಲದಲ್ಲಿ ಸಮಾಧಿ ಮಾಡುದ್ರೆ ನಾಳೆ ಯಾವನ್ ತಗೋತಾನೆ ಅದ್ನ?”

“ತಗೋಳ್ದಿದ್ರೆ ಇನ್ನೂ ಒಳ್ಳೇದು.”

“ತಮಾಸೆ ಅಲ್ಲ ಕಣವ್ವ. ಲೇಔಟ್ ಮಾಡೋರು ದಿನಾ ಫೋನ್ ಮಾಡ್ತಾವ್ರೆ.”

“ಮಾಡ್ಲಿ. ಒಲ ನನ್ ಎಸ್ರಲ್ಲಿ ಐತೆ. ಓಗಿ ಗುದ್ಲಿ ತಗೊಂಬಾ.”

ಅವನು ನನ್ನ ಕಡೆ ನೋಡಿದ. ಬೇಡ ಎಂದು ನಾನು ಹೇಳಬೇಕಿತ್ತೇನೋ. ಹೇಳಲಿಲ್ಲ. ಅವನು ಹೋಗಿ ಗುದ್ದಲಿ, ಹಾರೆ ತೆಗೆದುಕೊಂಡು, ಇಬ್ಬರು ದಾಯಾದಿಗಳನ್ನು ಕರೆದುಕೊಂಡು ಬಂದ. ಹೊಲದ ಮೂಲೆಯಲ್ಲಿ ಅಗೆತ ಶುರುವಾಯಿತು. ಇದನ್ನು ಹೇಳುವಾಗಲೆಲ್ಲ ನಾನು ಅಲ್ಲಿ ತುಂತುರು ಮಳೆ ಸುರಿಸಿಬಿಡುತ್ತೇನೆ. ಮಳೆ ಇರಲಿಲ್ಲ. ಬಿಸಿಲು ಚುರುಗುಡುತ್ತಿತ್ತು, ಮಣ್ಣು ಒಣಗಿ ಗಟ್ಟಿಯಾಗಿತ್ತು, ಅವರ ಬನಿಯನ್ನುಗಳು ಬೆನ್ನಿಗೆ ಅಂಟಿದ್ದವು.

ಅಯ್ಯನವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಿಸಿಲಿಳಿಯುವ ಹೊತ್ತಿಗೆ ಬಂದರು. ಚೀಲದಲ್ಲಿ ವಿಭೂತಿ, ಬಿಲ್ವಪತ್ರೆ. ಗುಂಡಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರು.

“ಇದೇನ್ರೀ ಇದು?”

“ಗುಂಡಿ, ಸ್ವಾಮಿ,” ಎಂದ ಮಗ.

“ಉದ್ದಕ ತೋಡೀರಲ್ರೀ! ನಮ್ಮವರು ಮಲಗಂಗಿಲ್ಲರಿ, ಕೂಡ್ತಾರ.”

ಅವ್ವನನ್ನು ಆಗಲೇ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಇಟ್ಟಿದ್ದೆವು. ಆದರೆ ಅವಳು ಕೂತಿದ್ದದ್ದು ಮೇಲೆ, ಮನೆಯಲ್ಲಿ. ಹೊಲದಲ್ಲಿದ್ದವರು ತಮ್ಮ ಹಿರಿಯರಿಗೆ ತೋಡಿದ ಹಾಗೇ ತೋಡಿದ್ದರು. ಹೇಗೆ ತೋಡಬೇಕೆಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಇಲ್ಲಿ ಗುಂಡಿ ಎಂದರೆ ಉದ್ದ, ನಮ್ಮಲ್ಲಿ ಗುಂಡಿ ಎಂದರೆ ಆಳ. ಅದರಲ್ಲಿ ಹೇಳುವುದಕ್ಕೇನಿದೆ ಎಂದು ಇಬ್ಬರೂ ಅಂದುಕೊಂಡಿದ್ದೆವು.

“ಕೂತ್ಕೊಂಡಾ?” ಎಂದ ಮಗ. ದಾಯಾದಿಯೊಬ್ಬ ಹಾರೆ ಕೆಳಗಿಟ್ಟು, “ಇದ್ನ ಮುಚ್ಚಿ ಬೇರೆ ತೋಡಾಕೆ ಒತ್ತು ಎಲ್ಲೈತೆ ಮಗಾ?” ಎಂದ.

ಅಜ್ಜಿ ಮಾತ್ರ ಏನೂ ವಿಚಿತ್ರವೆನಿಸದವಳಂತೆ, “ಅಕ್ಕ ನನ್ ಜತೆ ಕೂತೇ ತಾನೆ ಮಾತಾಡ್ತಿದ್ದಿದ್ದು? ತೋಡ್ರಲಾ” ಎಂದಳು.

ಅಯ್ಯನವರು ಗುಂಡಿಯ ಸುತ್ತ ಒಮ್ಮೆ ನಡೆದರು. “ಮುಚ್ಚಬ್ಯಾಡ್ರಿ. ಆ ತುದಿಯಾಗ ಅಷ್ಟ ಆಳ ಮಾಡ್ರಿ, ಗ್ವಾಡಿಯಾಗ ಒಂದು ಗೂಡು ತಗೀರಿ. ಈ ಉದ್ದ ಐತೆಲ್ಲ, ಇಲ್ಲಿಂದ ಮೆಟ್ಟಲಾ ಕಡೀರಿ. ಇಳಿಸಾಕ ನಮಗೂ ಮೆಟ್ಟಲಾ ಬೇಕ ಬೇಕು.”

ಪಾಳಿ ಮುಗಿಸಿ ಬರುತ್ತಿದ್ದ ನಮ್ಮ ಕಡೆಯ ಕೆಲಸಗಾರರು ಅಯ್ಯನವರ ಕಾವಿಯನ್ನು ನೋಡಿ ರಸ್ತೆಯಲ್ಲೇ ನಿಂತರು. ಬೈಕು ಅಲ್ಲೇ ಬಿಟ್ಟು, ಪ್ಯಾಂಟು ಮಡಚಿ ಇಳಿದರು. ಯಾರ ಹೆಸರೂ ಕೇಳಲಿಲ್ಲ ನಾನು. ಒಬ್ಬ ಅಗೆದ, ಒಬ್ಬ ಮಣ್ಣು ಎತ್ತಿದ, ಇನ್ನೊಬ್ಬ “ಲೇ ಗುರು, ಮೆಟ್ಟಲಾ ಅಂದ್ರ ಮೆಟ್ರೋ ಸ್ಟೇಷನ್ ಕಟ್ತಿಯೇನ್ಲೇ?” ಎಂದು ಗೆಳೆಯನನ್ನು ಬೈದ. ಅಂಥ ಹೊತ್ತಲ್ಲೂ ಅಜ್ಜಿಯ ಮಗ ನಕ್ಕ. ನಾನೂ ನಕ್ಕೆ ಅನಿಸುತ್ತದೆ.

ಸೂರ್ಯ ನೀಲಗಿರಿ ತೋಪಿನ ಮೇಲಿರುವಾಗಲೇ ಅವ್ವ ಮೆಟ್ಟಿಲಿಳಿದು ಗೂಡಿನಲ್ಲಿ ಕೂತಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ಮೂರನೇ ದಿನ ಅಜ್ಜಿ ಚೊಂಬಿನಲ್ಲಿ ಹಾಲು, ಎಲೆಯಲ್ಲಿ ತುಪ್ಪ ತಂದಳು. ನಮ್ಮ ಮನೆಯಲ್ಲಿ ಹಾಲು-ತುಪ್ಪ ಬಿಡುವುದಿಲ್ಲ ಎಂದೆ.

“ನಿಮ್ದು ನೀವ್ ಮಾಡುದ್ರಲ್ಲ. ಇದು ಒಲದ್ದು. ಇಲ್ಲಿರೋರ್ಗೆಲ್ಲ ಮಾಡ್ಬೇಕು. ಇಡ್ಕೊ.”

ಹಿಡಿದುಕೊಂಡೆ. ಹಾಲು ಬಿಟ್ಟೆ.

ಆ ಮುಂಗಾರಿಗೆ ಅವಳ ಮಗ ಹೊಲ ಉಳುವಾಗ ನಾನು ಬದುವಿನಲ್ಲಿ ನಿಂತಿದ್ದೆ. ಕಾರಿನಲ್ಲಿ ಬಂದ ದಲ್ಲಾಳಿಯೊಬ್ಬ ಅವ್ವನ ಮಣ್ಣಿನ ಗುಡ್ಡೆಯ ಕಡೆ ಬೆರಳು ತೋರಿಸಿ, “ಇದ್ಯಾರ್ದಣ್ಣ?” ಎಂದು ಕೇಳಿದ. ಇದಕ್ಕೆ ನಾನು ಏನನ್ನೂ ಸೇರಿಸಿಲ್ಲ, ಕಿವಿಯಾರೆ ಕೇಳಿದ್ದು.

“ನಮ್ಮೋರ್ದು,” ಎಂದ ಅಜ್ಜಿಯ ಮಗ.

“ಅದ್ ಬಿಟ್ಟು ಮಿಕ್ಕಿದ್ದಾದ್ರೂ ಕೊಡಲ್ವಾ?”

ಅವನು ಟ್ರ್ಯಾಕ್ಟರನ್ನು ಅವ್ವನ ಸುತ್ತ ಅಗಲಕ್ಕೆ ತಿರುಗಿಸಿ ಉಳುತ್ತ ಹೋದ.